ಗೆರೆಯಾಚೆಯ ಹಾ

ಬೇಯಿಸಿದ ಮೊಟ್ಟೆಯ ನೆತ್ತಿ ಒಡೆಯಲು ಎಷ್ಟು ಪೆಟ್ಟು ಬೇಕು? ಒಂದು ಸಾಕು. ಕೈ ನಡುಗುವವರಿಗೆ ಎರಡು ಎಂದೇ ಇಟ್ಟುಕೊಳ್ಳಿ. ಫೋಲ್ಕ್‌ಮಾರ್ ಟ್ರೆಪ್ಟೆಗೆ ಮಾತ್ರ ನಾಲ್ಕು. ಟಕ್, ಟಕ್‌ಟಕ್, ಟಕ್. ಮೊದಲನೆಯದು ಉದ್ದ, ನಡುವಿನ ಎರಡು ಗಿಡ್ಡ, ಕೊನೆಯದು ಮತ್ತೆ ಉದ್ದ. ಲೈಪ್‌ಜಿಗ್‌ನ ಈ ಮೂರನೇ ಮಹಡಿಯ ಅಡುಗೆಮನೆಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಈ ಸದ್ದು ಏಳುತ್ತದೆ, ಮತ್ತು ದಿನಾ ಬೆಳಿಗ್ಗೆ ಎಂಟಕ್ಕೆ ಹೆಡ್ಡಾಗೆ ಆ ಚಮಚವನ್ನು ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸುತ್ತದೆ. ಎಸೆದಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಎಸೆದಿಲ್ಲ. ಅದು ಎರಡು ಪಿಟೀಲು, ವಿಯೋಲಾ, ಚೆಲ್ಲೊ ಎಂಬ ನಾಲ್ಕು ತಂತಿವಾದ್ಯಗಳಿಗೆ ಅವನು ಬರೆದ ಹೆಸರಾಂತ ಕ್ವಾರ್ಟೆಟ್‌ನ ಮೊದಲ ಸಾಲಿನ ನಡೆ ಎಂಬುದು ಅವಳಿಗೆ ಮದುವೆಯಾದ ವಾರವೇ ಹೊಳೆದಿತ್ತು. ಆದರೆ ಆ ಸಾಲಿನಲ್ಲಿರುವ ಸ್ವರಗಳು ಐದು, ಮೊಟ್ಟೆಯ ಮೇಲೆ ಬೀಳುವ ಪೆಟ್ಟು ನಾಲ್ಕು. ಬಿಟ್ಟುಹೋಗುವುದು ಮೊದಲನೆಯದು, ತಾಳದ ಗೆರೆಗೆ ಮುಂಚೆಯೇ ಸದ್ದಿಲ್ಲದೆ ಬಂದು ಹೋಗುವ ಸ್ವರ. ಅದಕ್ಕೆ ಯಾರು ತಾನೇ ಪೆಟ್ಟು ಹಾಕುತ್ತಾರೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ಪೋಸ್ಟರ್ ನೋಡಿದ್ಯಾ?" ಎಂದ ಫೋಲ್ಕ್‌ಮಾರ್, ಹಳದಿ ಮೆತ್ತಿದ ಬಾಯಲ್ಲಿ. "ಟ್ರೆಪ್ಟೆಗೆ ಒಂದು ಟ ಜಾಸ್ತಿ ಹಾಕಿದಾರೆ, ದರಿದ್ರದವರು."

"ನನಗೆ ಬರೀ ಹೆಡ್ಡಾ ಅಂತ ಹಾಕಿದಾರೆ. ಮನೆತನದ ಹೆಸರೇ ಇಲ್ಲ. ಬೆಕ್ಕನ್ನ ಕರೆದ ಹಾಗೆ."

"ಎಲ್ರಿಗೂ ಗೊತ್ತಲ್ಲ ಮಾರಾಯ್ತಿ, ಯಾವ ಹೆಡ್ಡಾ ಅಂತ. ನನ್ನ ಕ್ವಾರ್ಟೆಟ್‌ನಲ್ಲಿರೋ ಹೆಡ್ಡಾ."

ಅದು ನಿಜವೇ ಆಗಿತ್ತು, ಉರಿಯುತ್ತಿದ್ದುದೂ ಅದಕ್ಕೇ. ಇಲ್ಲಿಯ ಜನ ಸ್ವರಗಳನ್ನು ಅಕ್ಷರಗಳಿಂದಲೇ ಕರೆಯುತ್ತಾರೆ: ಆ, ಹಾ, ತ್ಸೇ, ದೇ, ಏ. ಹಾ ಎಂಬ ಹೆಸರಿನ ಸ್ವರ ಫ್ರೆಂಚರಿಗಿಲ್ಲ, ಇಂಗ್ಲಿಷರಿಗಿಲ್ಲ. ಹಾಗಾಗಿ ಇಲ್ಲಿ ಕೆಲವರ ಹೆಸರನ್ನು ಬರೆಯುವ ಬದಲು ಬಾರಿಸಿಯೇ ಬಿಡಬಹುದು. ಹಾ, ಏ, ದೇ, ದೇ, ಆ ಎಂದರೆ ಅವರ ಲಿಪಿಯ ಎಚ್, ಇ, ಡಿ, ಡಿ, ಎ, ಅಂದರೆ ಹೆಡ್ಡಾ. ಐವತ್ತೈದರ ಮೇ ತಿಂಗಳಲ್ಲಿ, ಮದುವೆಯ ದಿನ, ಫೋಲ್ಕ್‌ಮಾರ್ ಅವಳ ಹೆಸರಿನ ಐದು ಸ್ವರಗಳ ಮೇಲೆ ಕಟ್ಟಿದ ಕ್ವಾರ್ಟೆಟ್ಟನ್ನು ಅವಳ ಕೈಗಿಟ್ಟಿದ್ದ. ಆಗ ಅವಳು ಅತ್ತಿದ್ದಳು. ಎರಡು ವರ್ಷ ಬಿಟ್ಟು ಅದೇ ಐದು ಸ್ವರಗಳನ್ನು ಹಿಡಿದು ಅವಳೂ ಒಂದು ಕ್ವಾರ್ಟೆಟ್ ಬರೆದು ಅದಕ್ಕೆ 'ಉತ್ತರ' ಎಂದು ಹೆಸರಿಟ್ಟಳು. ಅವಳು ಬರೆದದ್ದು ಅದೊಂದೇ ಅಲ್ಲ. ಹಾಡುಗಳಿವೆ, ಪಿಯಾನೋಗೆ ಬರೆದವಿವೆ, ಯಾರೂ ಮುಟ್ಟದ ಒಂದು ಸಿಂಫನಿ ಇದೆ. ಜನಕ್ಕೆ ಬೇಕಾಗಿದ್ದು ಮಾತ್ರ 'ಉತ್ತರ'. ಗಂಡ ಕೇಳಿದ, ಹೆಂಡತಿ ಹೇಳಿದಳು. ಕೇಳಲು ಎಷ್ಟು ಚಂದ! ಅವನದಾದ ಮೇಲೆ ಅವಳದು, ಒಂದೇ ಟಿಕೆಟಿಗೆ, ಸೂಪಿನ ಜೊತೆಗೆ ಬ್ರೆಡ್ಡು ಕೊಟ್ಟ ಹಾಗೆ. ಇವತ್ತು ಸಂಜೆ ನಾಲ್ಕಕ್ಕೆ ಮಾರುಕಟ್ಟೆಯ ಹಿಂದಿನ ಸಣ್ಣ ಸಭಾಂಗಣದಲ್ಲಿ ಮತ್ತೆ ಅದೇ ನಡೆಯಲಿತ್ತು. ರೇಡಿಯೋದವರು ಬರುವವರಿದ್ದರು. ಇದೇ ಊರಿನಲ್ಲಿ ನೂರೈವತ್ತು ವರ್ಷದ ಕೆಳಗೆ ಇದ್ದ ಇನ್ನೊಂದು ಸಂಗೀತದ ಜೋಡಿಯ ಹೆಸರೆತ್ತಿ, ನಿಮಗೂ ಅವರಿಗೂ ಏನು ಹೋಲಿಕೆ ಎಂದು ಫೋಲ್ಕ್‌ಮಾರನನ್ನು ಕೇಳುವವರಿದ್ದರು, ಅವಳನ್ನಲ್ಲ.

'ಉತ್ತರ' ಶುರುವಾಗುವುದು ವಿಯೋಲಾದಲ್ಲಿ, ಒಂಟಿ ಹಾ ಸ್ವರದಿಂದ. ತಾಳದ ಹನ್ನೊಂದು ಗೆರೆಗಳವರೆಗೆ ಅದೊಂದೇ ಸ್ವರ, ಮಿಕ್ಕ ಮೂವರು ಕೈಕಟ್ಟಿ ಕೂತಿರುತ್ತಾರೆ. ಅದನ್ನು ಬರೆದ ದಿನಗಳಲ್ಲಿ ಪಿಯಾನೋ ಬೆಳಿಗ್ಗೆ ಎಂಟೂವರೆಯಿಂದ ಒಂದರವರೆಗೆ ಫೋಲ್ಕ್‌ಮಾರನದು, ಬಾಗಿಲಿಗೆ ಮೊಳೆ ಹೊಡೆದು ಸರದಿಯ ಚೀಟಿಯನ್ನೇ ತೂಗುಹಾಕಿದ್ದ. ಅವಳ ಸರದಿ ಪಾತ್ರೆ ತೊಳೆದ ಮೇಲೆ. ಅಡುಗೆಮನೆಯ ಮೇಜಿನ ಮೇಲೆ, ಬಟಾಟೆ ಸಿಪ್ಪೆಯ ಪಕ್ಕ, ಪಕ್ಕದ ಕೋಣೆಯಿಂದ ಬರುವ ಅವನ ಸದ್ದಿಗೆ ಮಣಿಯದ ಒಂದೇ ಒಂದು ಸ್ವರವನ್ನು ತಲೆಯಲ್ಲಿ ಹಿಡಿದು ನಿಲ್ಲಿಸಿಕೊಂಡು ಅವಳು ಬರೆದದ್ದು ಆ ಹನ್ನೊಂದು ಗೆರೆ. ಫೋಲ್ಕ್‌ಮಾರನಿಗೆ ಅದು ತಮಾಷೆ. ಪ್ರತಿ ಸಂದರ್ಶನದಲ್ಲೂ, "ಮನೆಯಲ್ಲೂ ಹಾಗೇ ಸ್ವಾಮೀ, ಒಂದೇ ರಾಗ," ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅವಳೂ ನಕ್ಕಿದ್ದಾಳೆ, ಹಲ್ಲು ಕಾಣುವ ಹಾಗೆ, ಫೋಟೋ ಕೂಡ ಇದೆ. ಆ ಹನ್ನೊಂದು ಗೆರೆ ನಡೆಯುವಷ್ಟು ಹೊತ್ತೂ ಅವನ ತೋರುಬೆರಳು ಕುರ್ಚಿಯ ಕೈ ಮೇಲೆ ತಾಳ ಕುಟ್ಟುತ್ತಿರುತ್ತದೆ, ಬೇಗ ಮುಗಿಸು, ಬೇಗ ಮುಗಿಸು ಎಂದು.

ಫೋನ್ ಬಡಿದುಕೊಂಡಿತು. ಚೆಲ್ಲೊ ನುಡಿಸುವ ಬ್ರಾಯ್ನ್‌ಲಿಶ್.

"ಫ್ರಾವ್ ಟ್ರೆಪ್ಟೆ, ನನ್ನ ತಲೆ ತೆಗೆದುಬಿಡಿ. ಯಜಮಾನ್ರ ಕ್ವಾರ್ಟೆಟ್‌ದು, ನನ್ನ ಚೆಲ್ಲೊ ಹಾಳೆ, ಫೈಲ್ ಸಮೇತ ಟ್ರಾಮ್‌ನಲ್ಲಿ ಬಿಟ್ಟು ಇಳಿದುಬಿಟ್ಟೆ. ಡಿಪೋಗೆ ಹೋಗಿ ಬೇಡಿಕೊಂಡು ಬಂದೆ, ಸಿಗ್ಲಿಲ್ಲ. ನಿಮ್ಮ ಹತ್ರ ಇನ್ನೊಂದು ಪ್ರತಿ ಇದ್ಯಾ?"

ಅವಳು ಫೋನಿನ ಬಾಯಿ ಮುಚ್ಚಿ ಕೇಳಿದಳು. ಫೋಲ್ಕ್‌ಮಾರ್ ಮೊಟ್ಟೆಯ ಬುಡವನ್ನು ಕೆರೆಯುತ್ತ ತಲೆ ಎತ್ತದೆಯೇ ಹೇಳಿದ: "ಅಚ್ಚಾದ ಪುಸ್ತಕ ನೋಡಿ ಬರೆದುಕೊಡು. ನಕಲು ಬರೆಯೋದು ನೀನು ಮಾಡ್ತಾ ಇದ್ದ ಕೆಲಸಾನೇ ಅಲ್ವಾ? ಮೂರು ಗಂಟೆ ಸಾಕು ನಿನಗೆ."

"ಇವತ್ತು ನನ್ನದೂ ಕಛೇರಿ ಇದೆ ಫೋಲ್ಕ್‌ಮಾರ್."

"ಇರ್ಲಿ, ನಿನ್ನದರಲ್ಲಿ ಕಳೆದುಹೋಗೋಕೆ ಏನಿದೆ, ಒಂದೇ ಸ್ವರ." ತನ್ನ ಮಾತಿಗೆ ತಾನೇ ನಕ್ಕು, ಬಾಯಿ ಒರೆಸಿಕೊಂಡು ಎದ್ದ. "ನಾನು ಕ್ಷೌರಕ್ಕೆ ಹೋಗ್ತೀನಿ. ಊಟ ಅಲ್ಲೇ ಗೆಳೆಯರ ಜೊತೆ. ನೇರ ಸಭೆಗೇ ಬರ್ತೀನಿ. ಮತ್ತೆ, ನನ್ನ ಪೆಟ್ಟಿಗೆ ಕೆದಕೋಕೆ ಹೋಗ್ಬೇಡ. ಅಲ್ಲಿ ಏನೂ ಇಲ್ಲ."

ಏನೂ ಇಲ್ಲ ಎನ್ನಲು ಇವನ್ಯಾರು? ಅವನು ಏನನ್ನೂ ಎಸೆಯುವ ಗಂಡಸಲ್ಲ. ಪಾರ್ಸೆಲಿನ ದಾರವನ್ನು ಗಂಟು ಬಿಚ್ಚಿ ಸುತ್ತಿಡುತ್ತಾನೆ, ಲಕೋಟೆಯನ್ನು ಒಳಹೊರಗೆ ಮಾಡಿ ಮತ್ತೆ ಅಂಟಿಸುತ್ತಾನೆ, ಒಮ್ಮೆ ಅದ್ದಿದ ಚಹಾ ಪೊಟ್ಟಣವನ್ನು ತಟ್ಟೆಯಂಚಿನಲ್ಲಿ ಒಣಗಲು ಬಿಟ್ಟು ಮಧ್ಯಾಹ್ನ ಮತ್ತೆ ಅದ್ದುತ್ತಾನೆ. ಅವನ ಹೆಜ್ಜೆ ಮೂರು ಮಹಡಿ ಇಳಿದು ಬೀದಿ ಬಾಗಿಲು ಧಡ್ಡೆಂದ ಮೇಲೆ ಹೆಡ್ಡಾ ಬೆರಳುಗಳನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡಳು. ಗೆಣ್ಣುಗಳು ಊದಿಕೊಂಡಿದ್ದವು. ಈ ಬೆರಳುಗಳಲ್ಲಿ ಹನ್ನೆರಡು ಪುಟ ಬರೆದರೆ ಸಂಜೆ ಯಾರಿಗೂ ಕೈ ಕುಲುಕಲು ಆಗದು. ಕುಲುಕುವವರು ಯಾರು, ಎಂದುಕೊಂಡಳು. ಹಳೆಯ ಪ್ರತಿ ಇದ್ದರೆ ಹಜಾರದ ಮೂಲೆಯ ಪೆಟ್ಟಿಗೆಯಲ್ಲೇ ಇರಬೇಕು. ಅದರ ಕೀಲಿ ಅವನ ತಂಬಾಕಿನ ಡಬ್ಬಿಯಲ್ಲಿರುತ್ತದೆಂದು ಅವಳಿಗೆ ಎಂದಿನಿಂದಲೂ ಗೊತ್ತು. ಇಷ್ಟು ವರ್ಷ ಮುಟ್ಟದೆ ಇದ್ದದ್ದಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದಳು. ಅದು ಹೆದರಿಕೆ ಎಂದು ಕೀಲಿ ತಿರುಗಿಸುವಾಗ ತಿಳಿಯಿತು.

ತಳದಲ್ಲಿತ್ತು ಕಟ್ಟು, ಪಾರ್ಸೆಲಿನ ದಾರದಲ್ಲೇ ಕಟ್ಟಿದ್ದು. ಎರಡು ಪಿಟೀಲು, ವಿಯೋಲಾ, ಚೆಲ್ಲೊ, ನಾಲ್ಕು ಹಾಳೆಗಳು, ನಾಲ್ಕೂ ಫೋಲ್ಕ್‌ಮಾರನ ಕೈಬರಹ. ಇದೇ ಮೊದಲು ವಿಚಿತ್ರವೆನ್ನಿಸಿತು, ಯಾಕೆಂದರೆ ಈ ಕ್ವಾರ್ಟೆಟ್‌ನ ಹಾಳೆಗಳನ್ನು ಮೊಟ್ಟಮೊದಲು ಬರೆದವಳು ತಾನು ಎಂದೇ ಅವಳು ನಂಬಿದ್ದಳು, ಮದುವೆಯಾದ ಮರುವಾರ, ಹನಿಮೂನಿನ ಬದಲು. ಚೆಲ್ಲೊ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಕಲು ಮಾಡುವವರ ಕಣ್ಣು ಮೊದಲು ಸ್ವರ ನೋಡುವುದಿಲ್ಲ, ಮಸಿ ನೋಡುತ್ತದೆ. ಇಡೀ ಹಾಳೆಯ ಮಸಿ ತುಕ್ಕಿನ ಕಂದು ಬಣ್ಣಕ್ಕೆ ತಿರುಗಿತ್ತು. ಆ ಕಂದಿನ ನಡುವೆ ಅಲ್ಲಲ್ಲಿ ಒಂದೊಂದು ಸ್ವರ ಮಾತ್ರ ಬೇರೆ ಮಸಿಯಲ್ಲಿ, ನೀಲಿಯಾಗಿ, ಗೆರೆಗೆ ಮುಂಚಿನ ಇಕ್ಕಟ್ಟಿನಲ್ಲಿ, ತುಂಬಿದ ಟ್ರಾಮಿಗೆ ಕೊನೆಯಲ್ಲಿ ಹತ್ತಿದವರಂತೆ ಹೇಗೋ ತೂರಿಕೊಂಡು ಕೂತಿತ್ತು. ಹಾ. ಎಲ್ಲ ಕಡೆಯೂ ಹಾ. ಬೇರೆ ಯಾವ ಸ್ವರವೂ ಅಲ್ಲ. ಕೊನೆಯ ಪುಟದ ಬುಡದಲ್ಲಿ ಕಂದು ಮಸಿಯಲ್ಲೇ ಅವನ ದುಂಡನೆಯ ಅಕ್ಷರ: 'ಎಡ್ಡಾಗೆ, ಅವಳ ನಾಲ್ಕು ಸ್ವರಗಳು. ಜೂನ್ ೧೯೫೩.'

ಏ, ದೇ, ದೇ, ಆ. ಟಕ್, ಟಕ್‌ಟಕ್, ಟಕ್.

ಅವಳಿಗೆ ಮೊದಲು ಬಂದದ್ದು ನಗು. ಲಕೋಟೆ! ಒಳಹೊರಗೆ ಮಾಡಿದ ಲಕೋಟೆ! ಎಡ್ಡಾ ಹೋದಳು, ಹೆಡ್ಡಾ ಬಂದಳು, ಮುಂದುಗಡೆ ಒಂದು ಅಕ್ಷರ ಸೇರಿಸಿದರಾಯಿತು, ಹೊಸದು ಯಾಕೆ ಬರೆಯಬೇಕು, ಹಾಳೆ ದುಬಾರಿ! ನಗು ನಿಲ್ಲುವಷ್ಟರಲ್ಲಿ ಅವಳು ಹಜಾರದ ನೆಲದ ಮೇಲೆ ಕೂತಿದ್ದಳು, ಮಂಡಿ ನೋಯುತ್ತಿತ್ತು. ಎಡ್ಡಾ ವಿಂಟರ್‌ಫೆಲ್ಡ್, ಸಂಗೀತ ಶಾಲೆಯಲ್ಲಿ ಅವಳದೇ ತರಗತಿ, ಚೆಲ್ಲೊ, ಉದ್ದ ಕತ್ತು, ಕಂಕುಳಲ್ಲಿ ಹರಿದ ನೀಲಿ ಸ್ವೆಟರು. ಇಬ್ಬರ ಕಾಗದಗಳೂ ಯಾವಾಗಲೂ ಅದಲುಬದಲಾಗುತ್ತಿದ್ದವು. "ಹಾ ಇರೋಳು ಬಾ, ಹಾ ಇಲ್ದೋಳು ಕೂತ್ಕೋ," ಎನ್ನುತ್ತಿದ್ದರು ಮುದಿ ಪ್ರೊಫೆಸರು, ತರಗತಿಯೆಲ್ಲ ಕಿಸಕ್ಕನೆ ನಗುತ್ತಿತ್ತು. ಆಗ ಹಾ ಎನ್ನುವುದು ಅವಳಿಗೆ ಮೈಮೇಲಿನ ಮಚ್ಚೆಯ ಹಾಗೆ ಅವಳೊಬ್ಬಳದೇ ಆಗಿತ್ತು.

ಹಾಗಾದರೆ ಇಷ್ಟು ವರ್ಷ ತಾನು ಉತ್ತರ ಕೊಟ್ಟದ್ದು ಯಾರಿಗೆ? ಇದು ಒಳಗೆ ಇಳಿದಾಗ ನಗು ಎಲ್ಲ ಇಂಗಿಹೋಯಿತು. ಗಂಡ ಯಾರನ್ನೋ ಪ್ರೀತಿಸಿದ್ದ ಎನ್ನುವುದಲ್ಲ. ಅದು ಅವಳಿಗೆ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಜಗತ್ತಿನಲ್ಲಿ ಅವಳದು ಅಂತ ಉಳಿದಿದ್ದ ಒಂದೇ ಕೃತಿ, ಇನ್ನೊಬ್ಬಳನ್ನು ಕರೆದದ್ದಕ್ಕೆ ಓಗೊಟ್ಟಂತಾಯಿತಲ್ಲ! ಬೀದಿಯಲ್ಲಿ ಯಾರೋ ಯಾರನ್ನೋ ಕೂಗುತ್ತಾರೆ, ನೀವು ನಿಮ್ಮನ್ನೇ ಎಂದು ತಿರುಗಿ ಹಲ್ಲು ಕಿರಿದು ಕೈ ಬೀಸುತ್ತೀರಿ. ಹಾಗೆ ಅವಳು ಮೂವತ್ತು ವರ್ಷ ಕೈ ಬೀಸಿದ್ದಳು, ಸಭಾಂಗಣಗಳಲ್ಲಿ, ಚಪ್ಪಾಳೆಯ ನಡುವೆ, ಅವನು ಮೊಣಕೈ ಹಿಡಿದು ಎಬ್ಬಿಸಿದಾಗಲೆಲ್ಲ ಎದ್ದು. ನಾಚಿಕೆಗೆ ಅವಳ ಕತ್ತಿನವರೆಗೂ ಬಿಸಿಯೇರಿತು. ಅಷ್ಟಾಗಿಯೂ ಅವಳೊಳಗಿನ ಸಂಗೀತದವಳು, ಆ ನಿರ್ದಯಿ, ಹಾಳೆಯನ್ನು ಬಿಡಲೊಲ್ಲದೆ ಓದುತ್ತಲೇ ಇದ್ದಳು. ಹಾ ಇಲ್ಲದ ಸಾಲು ಜೋಲುತ್ತದೆ. ಏ, ದೇ, ದೇ, ಆ: ನಿಟ್ಟುಸಿರು, ಅಷ್ಟೆ, ಎಡ್ಡಾಳ ಹಿಂದೆ ನಿಂತು ಬಿಟ್ಟ ನಿಟ್ಟುಸಿರು. ಹಾ ಬಂದ ಮೇಲೆ ಅದಕ್ಕೆ ಕಾಲು ಬಂತು, ನಡೆಯಿತು, ಬರ್ಲಿನ್‌ವರೆಗೂ ಬುಡಾಪೆಸ್ಟ್‌ವರೆಗೂ ನಡೆಯಿತು. ಅವನ ಹೆಸರು ಉಳಿದದ್ದು ಆ ಒಂದು ಸ್ವರದಿಂದ, ಮತ್ತು ಅವನು ದಿನಾ ಬೆಳಿಗ್ಗೆ ಮೊಟ್ಟೆಯ ಮೇಲೆ ಅದನ್ನೇ ಬಿಟ್ಟು ಬಡಿಯುತ್ತಾನೆ, ಬಡವ.

ಅವಳು ಎದ್ದು ಅಡುಗೆಮನೆಗೆ ಹೋದಳು. ಮೇಜು ಒರೆಸಿದಳು. ಒಲೆಗೆ ಎರಡು ಕಲ್ಲಿದ್ದಲ ಇಟ್ಟಿಗೆ ಹಾಕಿದಳು. ಹಳೆಯ ಕಾಲದ ನಕಲುಗಾರರು ತಪ್ಪನ್ನು ಹೊಡೆದುಹಾಕುವುದಿಲ್ಲ, ಕೆರೆದು ತೆಗೆಯುತ್ತಾರೆ: ಹೊಸ ಬ್ಲೇಡನ್ನು ಅಡ್ಡಲಾಗಿ ಹಿಡಿದು, ಉಸಿರು ಬಿಗಿಹಿಡಿದು, ಹಾಳೆಯ ಮೇಲ್ಪದರ ಮಾತ್ರ ಏಳುವಂತೆ, ಆಮೇಲೆ ಉಗುರಿನ ಬೆನ್ನಿನಿಂದ ಉಜ್ಜಿದರೆ ಅಲ್ಲಿ ಏನಿತ್ತೆಂದು ದೇವರಿಗೂ ತಿಳಿಯದು. ಫೋಲ್ಕ್‌ಮಾರನ ಗಡ್ಡದ ಬ್ಲೇಡುಗಳಲ್ಲಿ ಒಂದನ್ನು ತೆಗೆದುಕೊಂಡಳು. ಮೊದಲ ಹಾ ಮೇಲೆ ಬ್ಲೇಡಿಟ್ಟಳು. ನೀಲಿ ಪುಡಿ ಎದ್ದಿತು, ಊದಿದಳು. ಎರಡನೆಯದಕ್ಕೆ ಹೋದಳು. ನಾಲ್ಕೂ ಹಾಳೆ ಸೇರಿ ತೊಂಬತ್ತಾರು ಇದ್ದವು. ಎಣಿಸುತ್ತ ಹೋದಳು. ಪಶ್ಚಿಮ ಬರ್ಲಿನ್ನಿಗೆ ಗಡಿ ದಾಟಿ ಓಡಿಹೋದ ದಿನ ಎಡ್ಡಾ ಚೆಲ್ಲೊ ತಂದಿರಲಿಲ್ಲ. ಚೆಲ್ಲೊ ಹೊತ್ತು ಬರ್ಲಿನ್ ರೈಲು ಹತ್ತಿದರೆ ಇವಳು ವಾಪಸ್ ಬರುವವಳಲ್ಲ ಎಂದು ರೈಲಿನ ಪೊಲೀಸರಿಗೆ ಗೊತ್ತಾಗಿಬಿಡುತ್ತದೆ. ಒಂದು ಕೈಚೀಲ ಅಷ್ಟೆ, ನೀಲಿ ಸ್ವೆಟರು, ಜುಲೈ ಸೆಕೆಯಲ್ಲೂ. ಟ್ರಾಮ್ ನಿಲ್ದಾಣದಲ್ಲಿ ಹೆಡ್ಡಾಳ ಎರಡೂ ಕೈ ಹಿಡಿದುಕೊಂಡು, "ಅವನ ರೂಮಿಗೆ ಹೋಗೋಕೆ ಧೈರ್ಯ ಆಗ್ಲಿಲ್ಲ ಕಣೆ, ಕೆಳಗಿನ ಮನೆಯವಳು ಪೊಲೀಸರಿಗೆ ಅಂತ ಎಲ್ಲ ಬರೆದಿಡ್ತಾಳೆ. ನೀನು ಹೇಳು. ಶಾರ್ಲೊಟನ್‌ಬುರ್ಗ್‌ನಲ್ಲಿ ಚಿಕ್ಕಮ್ಮನ ಮನೆ, ಅವನಿಗೆ ಗೊತ್ತು. ಭಾನುವಾರದ ತನಕ ಅಲ್ಲಿರ್ತೀನಿ. ಬಂದ್ರೆ ಸರಿ, ಬರ್ದಿದ್ರೆ ನನ್ನ ಮರೀಲಿ. ಹೇಳ್ತೀಯ ಅಲ್ವಾ?" ಎಂದಿದ್ದಳು. ಹೇಳ್ತೀನಿ ಹೋಗು, ಎಂದಿದ್ದಳು ಹೆಡ್ಡಾ. ನಲವತ್ತನೆಯ ಹಾ. ಬುಧವಾರ ಹೇಳಬಹುದಿತ್ತು, ಗುರುವಾರ ಹೇಳಬಹುದಿತ್ತು, ಶನಿವಾರವೂ ರೈಲಿತ್ತು. ಅವನಿಗೇ ಒಳ್ಳೆಯದು, ಪೊಲೀಸರು ಕೇಳಿದರೆ ಅವನಿಗೆ ಏನೂ ಗೊತ್ತಿರಬಾರದು, ಎಂದುಕೊಂಡಳು. ಎಷ್ಟು ಸಲೀಸಾಗಿ ಅಂದುಕೊಂಡಳು! ಸೋಮವಾರ ಅವನ ಕೋಣೆಗೆ ಒಂದು ಪಾತ್ರೆ ಬಟಾಣಿ ಸೂಪು ತೆಗೆದುಕೊಂಡು ಹೋದಳು. ಅವನು ಗೋಡೆ ನೋಡುತ್ತ ಕೂತಿದ್ದ. "ಒಂದು ಮಾತೂ ಹೇಳ್ದೆ ಹೋದ್ಲು," ಎಂದ. ಸೂಪು ಆರತ್ತೆ, ಕುಡಿ, ಎಂದಳು.

ತೊಂಬತ್ತಾರನೆಯದು ಮುಗಿದಾಗ ಒಂದು ಗಂಟೆ. ಮೇಜಿನ ಮೇಲೆ ಬಿದ್ದಿದ್ದ ನೀಲಿ ಪುಡಿಯನ್ನು ಅಂಗೈಗೆ ಒತ್ತಿಕೊಂಡು ನೋಡಿದಳು. ಒಂದು ಚಿಟಿಕೆಯೂ ಇರಲಿಲ್ಲ. ಕದ್ದದ್ದು ಇಬ್ಬರೂ. ಅವನು ಅವಳ ಹಾಡು ಕದ್ದು ನನಗೆ ಕೊಟ್ಟ, ನಾನು ಅವಳ ಮಾತು ಕದ್ದು ಅವನನ್ನು ಪಡೆದೆ. ಹಾಗಿದ್ದ ಮೇಲೆ ಅವನನ್ನು ದ್ವೇಷಿಸುವ ಹಕ್ಕು ತನಗಿಲ್ಲವೇನೋ ಎಂದು ಒಂದು ಕ್ಷಣ ಅನ್ನಿಸಿತು, ಮರುಕ್ಷಣ ದ್ವೇಷ ಅಷ್ಟೇ ಗಟ್ಟಿಯಾಗಿ ಅಲ್ಲೇ ಇತ್ತು. ಹಕ್ಕನ್ನು ಕೇಳಿಕೊಂಡು ಅದು ಬಂದಿರಲಿಲ್ಲ. ಆ ಮಾತನ್ನು ಅವನಿಗೆ ಹೇಳಬಾರದು, ಸಾಯುವ ತನಕ ಹೇಳಬಾರದು ಎಂದು, ಎಂದಿನಂತೆ ಇವತ್ತೂ, ಗಟ್ಟಿ ಮಾಡಿಕೊಂಡಳು. ಕೈ ತೊಳೆದಳು. ಉಗುರಿನ ಸಂದಿಯ ನೀಲಿ ಹೋಗಲಿಲ್ಲ.

ಸಭಾಂಗಣದಲ್ಲಿ ನಾಲ್ವರೂ ವಾದ್ಯ ಬಿಚ್ಚಿ ಕೂತಿದ್ದರು. ಬ್ರಾಯ್ನ್‌ಲಿಶ್ ಓಡಿಬಂದು ಅವಳ ಕೈಗೆ ಮುತ್ತಿಟ್ಟ. ಮೊದಲ ಪಿಟೀಲಿನ ಯುಟ್ಟಾ ಹೆಂಪೆಲ್ ಹಾಳೆ ತಿರುವಿ ಹುಬ್ಬೇರಿಸಿದಳು.

"ನಮಗೂ ತಂದಿದೀರಲ್ಲ? ಕಳ್ಕೊಂಡಿದ್ದು ಇವನೊಬ್ಬನೇ."

"ನಾಲ್ಕೂ ಒಂದೇ ಕಟ್ಟಿಂದು. ಐವತ್ಮೂರರದ್ದು, ಅವರದೇ ಕೈಬರಹ. ಅಚ್ಚಿನದಕ್ಕಿಂತ ಹಳೇದು. ಇದನ್ನೇ ನುಡಿಸಿ."

"ಅಯ್ಯೋ, ಶುರುವಿನ ಹಾ ಇಲ್ಲವಲ್ಲ ಇಲ್ಲಿ! ನೇರ ಏ ಮೇಲೇ ಬೀಳತ್ತೆ."

"ಮೊದಲು ಹಾಗೇ ಇತ್ತು."

"ಎಲ್ಲ ಕಡೆನೂ?"

"ಎಲ್ಲ ಕಡೆನೂ."

ಯುಟ್ಟಾಳ ಕಣ್ಣು ಹೊಳೆಯಿತು. ಹಳೆಯ ಪಾಠ, ಕರ್ತೃವಿನ ಸ್ವಂತ ಕೈ ಎಂದರೆ ಈ ಜನಕ್ಕೆ ಹಬ್ಬದೂಟ. "ಯಜಮಾನ್ರು ಒಪ್ಪಿದಾರಾ?" ಎಂದಳು, ಕೇಳಬೇಕಲ್ಲ ಎಂದು.

"ಬರೆದೋರು ಅವರೇ," ಎಂದಳು ಹೆಡ್ಡಾ. ಅದು ಸುಳ್ಳಾಗಿರಲಿಲ್ಲ.

ಬ್ರಾಯ್ನ್‌ಲಿಶ್ ಕೊನೆಯ ಪುಟ ನೋಡಿ ಗೊಳ್ಳನೆ ನಕ್ಕ. "ನೋಡಿ, ನೋಡಿ! 'ಎಡ್ಡಾಗೆ' ಅಂತ ಬರೆದಿದಾರೆ! ಪ್ರೀತಿಯ ಅವಸರದಲ್ಲಿ ಹುಡುಗಿ ಹೆಸರಿನ ಮೊದಲನೇ ಅಕ್ಷರಾನೇ ನುಂಗಿಹಾಕಿದಾರೆ. ನಾಲ್ಕು ಸ್ವರ ಅಂತ ಬೇರೆ! ಲೆಕ್ಕಾನೂ ತಪ್ಪು. ಇರಿ, ನಾನು ಸರಿ ಮಾಡ್ತೀನಿ," ಎಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎಡ್ಡಾಳ ಮುಂದೆ ಒಂದು ಹಾ ಇಡಲು ಬಗ್ಗಿದ.

"ಮುಟ್ಬೇಡಿ!" ಎಂದಳು. ಸ್ವರ ಅವಳು ಅಂದುಕೊಂಡದ್ದಕ್ಕಿಂತ ಮೇಲಕ್ಕೇರಿತ್ತು, ನಾಲ್ವರೂ ಅವಳನ್ನೇ ನೋಡಿದರು. "ಬಿಡಿ ಅದನ್ನ. ಅಲ್ಲಿ ಏನೂ ತಪ್ಪಿಲ್ಲ."

ಬ್ರಾಯ್ನ್‌ಲಿಶ್ ಪೆನ್ಸಿಲನ್ನು ಮೆಲ್ಲಗೆ ಕಿವಿಯ ಮೇಲಿಟ್ಟುಕೊಂಡ. ಅವನಿಗೆ ಅರ್ಥವಾಯಿತೋ ಇಲ್ಲವೋ, ಆಮೇಲೆ ಅವಳ ಮುಖ ನೋಡಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಫೋಲ್ಕ್‌ಮಾರ್ ಬಂದ, ಕತ್ತಿನ ಹಿಂದೆ ಕೆಂಪಗೆ ಬೋಳಿಸಿಕೊಂಡು, ಕ್ಷೌರದಂಗಡಿಯ ಅತ್ತರು ಹೊಡೆಯುತ್ತ, ಬಿಯರಿನ ಖುಷಿಯಲ್ಲಿ. ಮೂರನೇ ಸಾಲಿನಲ್ಲಿ ಕೂತರು, ಅವಳು ಅವನ ಬಲಕ್ಕೆ. ಅವನ ಎಡಗಿವಿ ಹೋಗಿ ಆರು ವರ್ಷ. ಅವಳ ಕೈ ನೋಡಿ ಮುಖ ಸಿಂಡರಿಸಿದ.

"ಉಗುರಲ್ಲಿ ಮಸಿ. ರೇಡಿಯೋದವರು ಬಂದಿದಾರೆ, ಗುಮಾಸ್ತೆ ಥರ ಬಂದು ಕೂತಿದೀಯ. ಬರೆದುಕೊಟ್ಯಾ?"

"ಕೆಲಸ ಮುಗಿಸ್ದೆ."

"ಹೇಳ್ಲಿಲ್ವಾ, ಮೂರು ಗಂಟೆ ಸಾಕು ಅಂತ!"

ನಾಲ್ವರೂ ಬಂದು ಬಾಗಿ ಕೂತರು. ಯುಟ್ಟಾ ಉಸಿರೆಳೆದು ತಲೆ ಆಡಿಸಿದಳು. ಫೋಲ್ಕ್‌ಮಾರ್ ಗಲ್ಲ ಎತ್ತಿ, ಕಣ್ಣು ಮುಚ್ಚಿ, ತನ್ನ ಮೊದಲ ಸ್ವರಕ್ಕೆ ಸಿದ್ಧನಾದ. ಅದು ಬರಲಿಲ್ಲ. ಏ ಬಂತು, ಆಮೇಲೆ ದೇ, ದೇ, ಆ. ಅವನ ಕಣ್ಣು ತೆರೆಯಿತು. ಎದುರು ಸಾಲಿನಲ್ಲಿ ರೇಡಿಯೋದವನು ಅಚ್ಚಿನ ಪುಸ್ತಕದ ಹಾಳೆಗಳನ್ನು ಹಿಂದೆಮುಂದೆ ಮಗುಚುತ್ತಿದ್ದ. ಹೆಡ್ಡಾ ತಿರುಗಿ ನೋಡಲಿಲ್ಲ, ನೋಡಬೇಕಾಗಿರಲಿಲ್ಲ. ಪಕ್ಕದ ಮೈ ಸೆಟೆದುಕೊಂಡದ್ದು ಕೋಟಿನ ತೋಳಿನಿಂದಲೇ ತಿಳಿಯಿತು. ಎರಡನೇ ಸಲ ಬಂತು, ಚೆಲ್ಲೊದಲ್ಲಿ, ಏ, ದೇ, ದೇ, ಆ, ಮತ್ತು ಅವನ ಗಂಟಲಿಂದ ಒಂದು ಸದ್ದು ಹೊರಟಿತು, ಅತ್ತ ಹಾಗೂ ಅಲ್ಲ, ಕೆಮ್ಮಿದ ಹಾಗೂ ಅಲ್ಲ. ಮೂವತ್ತಮೂರು ವರ್ಷದ ಹಿಂದಿನ ಆ ಹುಡುಗಿ ಸಭೆಯೊಳಗೆ ಬಂದು ನಿಂತಿದ್ದಳು, ಹರಿದ ಸ್ವೆಟರಿನಲ್ಲಿ, ತನ್ನ ನಾಲ್ಕು ಸ್ವರಗಳೊಂದಿಗೆ, ಇನ್ನೊಬ್ಬಳನ್ನು ಮುಂದೆ ನಿಲ್ಲಿಸಿಕೊಳ್ಳದೆ. ಹೆಡ್ಡಾ ಗೆಲುವಿಗೆ ಕಾದಳು. ಬಂದದ್ದು ಹೊಟ್ಟೆಕಿಚ್ಚು. ಎಷ್ಟು ಜೋಲುತ್ತಿದ್ದರೂ ಅದು ನಿಜವಾದ ನಿಟ್ಟುಸಿರಾಗಿತ್ತು, ತನಗಾಗಿ ಅವನು ಹಾಗೊಂದು ನಿಟ್ಟುಸಿರು ಬಿಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಚಪ್ಪಾಳೆ ಬಿತ್ತು. ಅವನು ಎದ್ದ, ಬಾಗಿದ. ಯಾರೋ ಕೆಂಪು ಹೂಗಳ ಗೊಂಚಲು ತಂದು ಅವನ ಕೈಗೆ ಕೊಟ್ಟರು. ಪ್ರತಿ ಸಲವೂ ಅವನು ಅದನ್ನು ಅವಳಿಗೆ ದಾಟಿಸುತ್ತಿದ್ದ, ಜನ ಅಬ್ಬಾ ಎನ್ನುತ್ತಿದ್ದರು. ಇವತ್ತು ಮರೆತ. ಗೊಂಚಲನ್ನು ತೊಡೆಯ ಮೇಲಿಟ್ಟುಕೊಂಡು ಧೊಪ್ಪನೆ ಕೂತ.

"ಯಾರು ತೆಗೆದಿದ್ದು ಅದನ್ನ?" ಎಂದ, ಹಲ್ಲು ಕಚ್ಚಿಕೊಂಡು.

"ನಾನೇ. ನಿನ್ನ ಬ್ಲೇಡಿಂದ."

"ತಲೆ ಕೆಟ್ಟಿದ್ಯಾ ನಿನಗೆ? ಅದು ನನ್ನ ಕೃತಿ ಕಣೆ!"

"ಕೃತಿ ನಿನ್ನದು, ಇಟ್ಕೋ. ಹಾ ನನ್ನದು. ವಾಪಸ್ ತಗೊಂಡೆ."

ವೇದಿಕೆಯ ಮೇಲೆ ಮೂವರು ಕಮಾನು ಕೆಳಗಿಟ್ಟರು. ವಿಯೋಲಾದವನು ಒಬ್ಬನೇ ಕೈ ಎತ್ತಿದ. 'ಉತ್ತರ' ಶುರುವಾಯಿತು, ಹಾ, ಒಂಟಿಯಾಗಿ, ಮುಂದೆ ಹಿಂದೆ ಏನೂ ಇಲ್ಲದೆ. ಅಷ್ಟು ಹೊತ್ತು ಇಡೀ ಸಭೆ ಕಳೆದುಕೊಂಡಿದ್ದ ಸ್ವರ ಅದು, ಯಾಕೆಂದು ತಿಳಿಯದಿದ್ದರೂ ಎಲ್ಲರ ಕತ್ತೂ ಒಮ್ಮೆಲೇ ಅತ್ತ ತಿರುಗಿತು. ಒಂದು ಗೆರೆ. ಎರಡು. ಇದು ಯಾರ ಕರೆಗೂ ಓಗೊಟ್ಟದ್ದಲ್ಲ, ಎಂದುಕೊಂಡಳು ಹೆಡ್ಡಾ, ಎಡ್ಡಾಳ ಹೆಸರಿನಲ್ಲಿ ಇದು ಇಲ್ಲವೇ ಇಲ್ಲ. ಮತ್ತು ಅವಳ ಕಣ್ಣು ಸುಮ್ಮನೆ ತುಂಬಿಕೊಂಡಿತು. ಆಗ ಪಕ್ಕದಲ್ಲಿ ಕುರ್ಚಿಯ ಕೈ ಮೇಲೆ ಬೆರಳು ಶುರುವಾಯಿತು. ಟಕ್. ಟಕ್. ಟಕ್. ಬೇಗ ಮುಗಿಸು, ಬೇಗ ಮುಗಿಸು.

ಫೋಲ್ಕ್‌ಮಾರ್ ಅವಳ ಕಡೆ ವಾಲಿದ. ಕಿವಿ ಹೋದವರ ಪಿಸುಮಾತು, ಹಿಂದಿನ ಸಾಲಿಗೂ ಕೇಳಿಸುವಂಥದ್ದು. "ಏನು ಮಹಾ ತಪ್ಪು ಮಾಡ್ದೆ ನಾನು? ಒಂದು ಮಾತೂ ಹೇಳ್ದೆ ಓಡಿಹೋದವಳು ಅವಳು. ಒಂದು ಮಾತು! ಅಂಥವಳ ಹಾಡಿಗೆ ನಿನ್ನ ಹೆಸರಿಟ್ಟು ಮರ್ಯಾದೆ ತಂದೆ. ಅದಕ್ಕೆ ಇದಾ ನೀನು ಮಾಡೋದು?" ಟಕ್. ಟಕ್. ಟಕ್.

ಹೇಳಬಾರದೆಂದು ಮೂವತ್ತಮೂರು ವರ್ಷ ಗಟ್ಟಿ ಮಾಡಿಟ್ಟಿದ್ದ ಬಾಯಿ, ಆ ಬೆರಳಿಗೋಸ್ಕರ ತೆರೆಯಿತು.

"ಹೇಳಿ ಹೋಗಿದ್ದಳು," ಎಂದಳು ಹೆಡ್ಡಾ, ಅವನ ಒಳ್ಳೆಯ ಕಿವಿಗೆ, ಒಂದೊಂದೇ ಅಕ್ಷರ ಬಿಡಿಸಿ. "ನನ್ನ ಹತ್ರ. ಭಾನುವಾರದ ತನಕ ನಿನಗೆ ಕಾಯ್ತೀನಿ ಅಂದಿದ್ದಳು. ನಾನು ಹೇಳ್ಲಿಲ್ಲ. ಸೂಪು ತಂದೆ."

ಬೆರಳು ನಿಂತಿತು. ಮೇಲಕ್ಕೆದ್ದದ್ದು ಮೇಲೆಯೇ ನಿಂತಿತು, ಕುರ್ಚಿಯ ಕೈಗೆ ಒಂದಂಗುಲ ಎತ್ತರದಲ್ಲಿ. ಅವನ ತೊಡೆಯಿಂದ ಹೂವಿನ ಗೊಂಚಲು ಜಾರಿ ನೆಲಕ್ಕೆ ಬಿತ್ತು, ಇಬ್ಬರೂ ಬಗ್ಗಲಿಲ್ಲ. ವಿಯೋಲಾ ಹಿಡಿದ ಸ್ವರವನ್ನು ಬಿಟ್ಟಿರಲಿಲ್ಲ. ಏಳನೆಯ ಗೆರೆ, ಎಂಟನೆಯದು. ಉಳಿದ ಅಷ್ಟನ್ನು ಹೆಡ್ಡಾ ಅವನ ತಾಳವಿಲ್ಲದೆ ಕೇಳಿದಳು, ಬರೆದ ದಿನದ ನಂತರ ಮೊದಲ ಸಲ.